ಹಿಟ್ಟಿನ ಕೋಳಿಗೆ ಕೊಟ್ಟ ಒಪ್ಪಿಗೆ

ಕೈಯಿಂದ ಆಗುವ ಹಿಂಸೆಯನ್ನು ಶ್ರಾವಕನು ಬೇಗ ಗುರುತಿಸುತ್ತಾನೆ. ನೀರನ್ನು ಸೋಸಿ ಕುಡಿಯುತ್ತಾನೆ, ಸೂರ್ಯಾಸ್ತದೊಳಗೆ ಊಟ ಮುಗಿಸುತ್ತಾನೆ, ಗೆಡ್ಡೆಗಳನ್ನು ವರ್ಜಿಸುತ್ತಾನೆ. ಆದರೆ ಮತ್ತೊಬ್ಬರ ಮನಸ್ಸನ್ನು ತನಗೆ ಬೇಕಾದ ಕಡೆಗೆ ಮಾತಿನಿಂದ ತಿರುಗಿಸುವಾಗ ಆಗುವ ಹಿಂಸೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಅದು ಪ್ರೀತಿಯ ರೂಪದಲ್ಲಿ, ಗೌರವದ ರೂಪದಲ್ಲಿ, ಕೆಲವು ವೇಳೆ ಧರ್ಮಕಾರ್ಯದ ರೂಪದಲ್ಲಿಯೇ ಮನೆಯ ಬಾಗಿಲಿಗೆ ಬರುತ್ತದೆ.

ಪದ್ಮನಾಭನಗರದಂತಹ ಬಡಾವಣೆಯಲ್ಲಿ ಈ ದೃಶ್ಯ ಅಪರೂಪವೇನೂ ಅಲ್ಲ. ಊರಿನ ಬಸದಿಯನ್ನು ಹಿಂದೆ ಬಿಟ್ಟು ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ನೆಲೆಸಿದ ಒಬ್ಬ ಗೃಹಸ್ಥನ ಮನೆ. ಭಾನುವಾರ ಬೆಳಿಗ್ಗೆ ನಾಲ್ವರು ಹಿರಿಯರು ವಂತಿಗೆಯ ಪುಸ್ತಕದೊಡನೆ ಬರುತ್ತಾರೆ. ಕುಶಲಪ್ರಶ್ನೆ ಮುಗಿದ ಮೇಲೆ ಒಬ್ಬರು ಹೇಳುತ್ತಾರೆ: “ಯಜಮಾನರೇ, ಒಂದು ಲಕ್ಷದ ಪಟ್ಟಿಯಲ್ಲಿ ತಮ್ಮ ಹೆಸರಿದ್ದರೆ ಶೋಭೆ.” ಗೃಹಸ್ಥನು ಸಂಕೋಚದಿಂದ ನಕ್ಕು ಕೈಮುಗಿಯುತ್ತಾನೆ. ಆ ವರ್ಷ ಅಂಗಡಿಯಲ್ಲಿ ನಷ್ಟವಾಗಿದೆ, ಮಗಳ ಕಾಲೇಜಿನ ಹಣ ಇನ್ನೂ ಕಟ್ಟಿಲ್ಲ. ಆದರೆ ಅದನ್ನು ಹೇಳಲು ಬಾಯಿ ಬರದು. “ಹೋಗಲಿ ಬಿಡಿ, ಇಪ್ಪತ್ತೈದು ಸಾವಿರ ಬರೆದುಕೊಳ್ಳುತ್ತೇವೆ” ಎಂದು ಹಿರಿಯರು ಇಳಿದು ಬಂದಾಗ ಆತನಿಗೆ ಭಾರ ಇಳಿದಂತಾಗಿ, ಹೂಂ ಎಂದು ಸಹಿ ಹಾಕುತ್ತಾನೆ. ಅವರು ಹೋದ ಮೇಲೆ ಅಡುಗೆಮನೆಯಿಂದ ಬಂದ ಮಡದಿಯ ಮುಖ ನೋಡಿ ಆತ ಸುಮ್ಮನಾಗುತ್ತಾನೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಬೆದರಿಸಲಿಲ್ಲ, ಉದ್ದೇಶವೂ ಪುಣ್ಯಕಾರ್ಯವೇ. ಆದರೂ ಏನೋ ತಪ್ಪಿತು. ತಪ್ಪಿದ್ದು ಯಾವುದು ಎಂಬುದನ್ನು ತಿಳಿಯಲು ಎಂಟು ನೂರು ವರ್ಷಗಳ ಹಿಂದಿನ ಒಂದು ಕನ್ನಡ ಕಾವ್ಯದ ಕಡೆಗೆ ತಿರುಗಬೇಕು. ಅದು ಜನ್ನ ಕವಿಯ ‘ಯಶೋಧರ ಚರಿತೆ’.

ಹೊಯ್ಸಳ ದೊರೆ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದಿದ್ದ ಜನ್ನನು ಈ ಕೃತಿಯನ್ನು ಮುಗಿಸಿದ್ದು 1209ರಲ್ಲಿ. ನಾಲ್ಕು ಅವತಾರಗಳ ಈ ಪುಟ್ಟ ಕಾವ್ಯದ ಬಹುಭಾಗ ಕಂದಪದ್ಯಗಳಲ್ಲಿದೆ. ಕಥೆ ಜನ್ನನದೇ ಕಲ್ಪನೆಯಲ್ಲ. ಸೋಮದೇವ ಸೂರಿಯು 959ರಲ್ಲಿ ‘ಯಶಸ್ತಿಲಕ ಚಂಪು’ವಿನಲ್ಲಿ ಇದನ್ನು ವಿಸ್ತಾರವಾಗಿ ಬರೆದಿದ್ದನು. ಹನ್ನೊಂದನೆಯ ಶತಮಾನದ ವಾದಿರಾಜನ ಸಂಸ್ಕೃತ ಕಾವ್ಯವನ್ನು ಜನ್ನನು ಮುಖ್ಯವಾಗಿ ಅನುಸರಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಜೀವದಯಾಷ್ಟಮಿಯ ನೋಂಪಿಯೊಡನೆ ಸಂಬಂಧವುಳ್ಳ ಕಥೆಯಾದ್ದರಿಂದ ಜೈನ ಮನೆಗಳಲ್ಲಿ ಇದು ಅಪರಿಚಿತವಲ್ಲ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಹಿಂಸೆಯೇ, ಸಂಕಲ್ಪದಲ್ಲಿ ಕೊಂದರೂ ಕೊಂದಂತೆಯೇ ಎಂಬುದು ಇದರ ಸಾರವೆಂದು ಎಲ್ಲರೂ ಬಲ್ಲರು. ಆ ಸಾರ ನಿಜವೇ. ಆದರೆ ಆ ಕೋಳಿಯ ಕಡೆಗೆ ಕತ್ತಿ ಹೇಗೆ ಬಂದಿತು, ಕೊಲ್ಲಲೊಲ್ಲೆನೆಂದ ಅರಸನು ಯಾವ ಮೆಟ್ಟಿಲುಗಳನ್ನು ಇಳಿದು ಆ ಕತ್ತಿಯನ್ನು ಹಿಡಿದನು ಎಂಬ ಪ್ರಶ್ನೆಗೆ ಸಾಕಷ್ಟು ಗಮನ ದೊರೆತಿಲ್ಲ.

ಪ್ರಸಂಗವನ್ನು ನೆನಪಿಸಿಕೊಳ್ಳಬಹುದು. ಉಜ್ಜಯಿನಿಯ ಅರಸ ಯಶೋಧರನ ಪಟ್ಟದರಸಿ ಅಮೃತಮತಿಯು ಇರುಳಿನಲ್ಲಿ ಕೇಳಿಬಂದ ಒಂದು ಹಾಡಿಗೆ ಮನಸೋತು, ಕುರೂಪಿಯಾದ ಮಾವುತ ಅಷ್ಟಾವಂಕನ ಬಳಿಗೆ ಗುಟ್ಟಾಗಿ ಹೋಗತೊಡಗುತ್ತಾಳೆ. ಅರಸನು ಹಿಂಬಾಲಿಸಿ ಕಣ್ಣಾರೆ ಕಾಣುತ್ತಾನೆ. ಕತ್ತಿಗೆ ಕೈ ಹೋದರೂ ವಿವೇಕ ತಡೆಯುತ್ತದೆ. ಮರುದಿನ ಬಾಡಿದ ಮುಖವನ್ನು ನೋಡಿ ತಾಯಿ ಚಂದ್ರಮತಿ ಕಾರಣವನ್ನು ಕೇಳುತ್ತಾಳೆ. ಯಶೋಧರನು ಕಂಡದ್ದನ್ನು ಕನಸೆಂದು ಮರೆಸಿ ಹೇಳುತ್ತಾನೆ. ಮಗನಿಗೆ ಕೆಟ್ಟ ಕನಸು ಬಿದ್ದಿದೆ ಎಂದು ಹೆದರಿದ ತಾಯಿ, ಶಾಂತಿಗಾಗಿ ದೇವಿಗೆ ಪ್ರಾಣಿಬಲಿಯನ್ನು ಕೊಡು ಎನ್ನುತ್ತಾಳೆ. ಅರಸನು ಒಪ್ಪುವುದಿಲ್ಲ. ಹಾಗಾದರೆ ಜೀವವಿಲ್ಲದ ಹಿಟ್ಟಿನ ಕೋಳಿಯನ್ನಾದರೂ ಅರ್ಪಿಸು ಎಂದು ಆಕೆ ಇಳಿಯುತ್ತಾಳೆ. ತಾಯಿಯ ಮಾತನ್ನು ಮತ್ತೊಮ್ಮೆ ಮೀರಲಾರದೆ ಅವನು ಒಪ್ಪುತ್ತಾನೆ. ಜೀವಂತ ಕೋಳಿಯಂತೆಯೇ ಮಾಡಿ ಬಣ್ಣ ಬಳಿದ ಆ ಬೊಂಬೆಯನ್ನು ಒಂದು ವ್ಯಂತರ ಹೊಕ್ಕಿರುತ್ತದೆ. ಕತ್ತಿ ತಗುಲಿದಾಗ ಹಿಟ್ಟು ಕೂಗುತ್ತದೆ.

ಪದ್ಮನಾಭನಗರದ ಆ ಮನೆಯಲ್ಲಿ ನಡೆದ ಮಾತುಕತೆಯ ಕ್ರಮವೂ ಇದೇ. ಮೊದಲು ದೊಡ್ಡ ಬೇಡಿಕೆ, ಅದಕ್ಕೆ ನಿರಾಕರಣೆ, ಅನಂತರ ಬೇಡುವವರೇ ಇಳಿದು ಬರುವುದು, ಕೊನೆಗೆ ನಿರಾಕರಿಸಿದವನು ಸೋಲುವುದು. ಮನುಷ್ಯನ ಈ ಸ್ವಭಾವವನ್ನು ಆಧುನಿಕ ಮನಶ್ಶಾಸ್ತ್ರ ಪ್ರಯೋಗದಿಂದ ತೋರಿಸಿದ್ದು 1975ರಲ್ಲಿ. ಅಮೆರಿಕದ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು, ತಪ್ಪು ಹಾದಿ ಹಿಡಿದ ಬಾಲಕರನ್ನು ಒಂದು ದಿನ ಮೃಗಾಲಯಕ್ಕೆ ಕರೆದೊಯ್ಯುವಿರಾ ಎಂದು ಕೇಳಿದರು. ನೇರವಾಗಿ ಕೇಳಿದಾಗ ನೂರಕ್ಕೆ ಸುಮಾರು 17 ಮಂದಿ ಮಾತ್ರ ಒಪ್ಪಿದರು. ಎರಡು ವರ್ಷಗಳ ಕಾಲ ವಾರಕ್ಕೆರಡು ಗಂಟೆ ಅಂಥ ಬಾಲಕರಿಗೆ ಮಾರ್ಗದರ್ಶನ ಮಾಡಬೇಕೆಂದು ಮೊದಲು ಕೇಳಿ, ಅವರು ಆಗದು ಎಂದ ಮೇಲೆ ಮೃಗಾಲಯದ ಮಾತೆತ್ತಿದಾಗ ಒಪ್ಪಿದವರು ನೂರಕ್ಕೆ 50. ಎದುರಿನವರು ಒಂದು ಹೆಜ್ಜೆ ಹಿಂದೆ ಸರಿದಾಗ ತಾನೂ ಒಂದು ಹೆಜ್ಜೆ ಮುಂದೆ ಬರಬೇಕೆಂಬ ಋಣಭಾವ ಅವರನ್ನು ಒಪ್ಪಿಸಿತು. ಇದಕ್ಕೆ ವಿರುದ್ಧ ದಿಕ್ಕಿನ ಉಪಾಯವೂ ಉಂಟು. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬುವರು ಕ್ಯಾಲಿಫೋರ್ನಿಯಾದ ಮನೆಗಳಿಗೆ ಹೋಗಿ, ಎಚ್ಚರದಿಂದ ವಾಹನ ನಡೆಸಿ ಎಂಬ ದೊಡ್ಡ ಫಲಕವನ್ನು ಅಂಗಳದಲ್ಲಿ ನೆಡಬಹುದೇ ಎಂದು ಕೇಳಿದಾಗ ಒಪ್ಪಿದವರು ನೂರಕ್ಕೆ 17ರಷ್ಟು. ಅದೇ ವಿಷಯದ ಚಿಕ್ಕದೊಂದು ಚೀಟಿಯನ್ನು ಹಚ್ಚಿಕೊಳ್ಳಲು ಮೊದಲೇ ಒಪ್ಪಿದ್ದವರಲ್ಲಿ ದೊಡ್ಡ ಫಲಕಕ್ಕೂ ಒಪ್ಪಿದವರು ನೂರಕ್ಕೆ 76. ಚಿಕ್ಕ ಒಪ್ಪಿಗೆ ದೊಡ್ಡ ಒಪ್ಪಿಗೆಗೆ ದಾರಿ ಮಾಡುತ್ತದೆ.

ಚಾಲ್ಡಿನಿಯು 1984ರ ತನ್ನ ಗ್ರಂಥದಲ್ಲಿ ಇಂಥ ಆರು ಸೂತ್ರಗಳನ್ನು ಎಣಿಸಿದನು. ಋಣಭಾವ, ನುಡಿದದ್ದಕ್ಕೆ ಅಂಟಿಕೊಳ್ಳುವುದು, ಹತ್ತು ಮಂದಿ ಮಾಡಿದ್ದನ್ನು ಮಾಡುವುದು, ಮೆಚ್ಚಿದವರ ಮಾತಿಗೆ ಒಲಿಯುವುದು, ಹಿರಿಯರಿಗೆ ಮಣಿಯುವುದು, ಸಿಗದೆ ಹೋದೀತೆಂಬ ಆತುರ. ವ್ಯಾಪಾರಿಗೆ ಇವು ಹೊಸವಲ್ಲ. ಸೀರೆಯ ಅಂಗಡಿಯಲ್ಲಿ ಗಿರಾಕಿ ಕುಳಿತೊಡನೆ ಕಾಫಿ ತರಿಸುವವನಿಗೆ ಮೊದಲನೆಯದು ಗೊತ್ತು. ಇದೊಂದೇ ತುಂಡು ಉಳಿದಿದೆ ಎನ್ನುವವನಿಗೆ ಕೊನೆಯದು ಗೊತ್ತು.

ಆದರೆ ಜನ್ನನು ಈ ಶಾಸ್ತ್ರ ನಿಲ್ಲುವ ಕಡೆ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞರು ಮುಖ್ಯವಾಗಿ ಒಪ್ಪಿಸುವವನ ಉಪಾಯವನ್ನು ನೋಡಿದರೆ ಕವಿಯು ಒಪ್ಪಿದವನ ಅಂತರಂಗವನ್ನೂ ತೋರಿಸುತ್ತಾನೆ. ಯಶೋಧರನು ಏಕೆ ಸೋತನು? ತಾಯಿಯ ವಾದ ಬಲವಾಗಿತ್ತೆಂದಲ್ಲ. ಆಕೆ ಸೂಚಿಸಿದ ಔಷಧ ಅವನ ರೋಗದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಕನಸೇ ಬಿದ್ದಿರಲಿಲ್ಲ. ಆದರೆ ಅದನ್ನು ಹೇಳಬೇಕಾದರೆ ಅರಸಿಯ ಸಂಗತಿಯನ್ನು ಹೇಳಬೇಕು. ಮಾನ ಅದಕ್ಕೆ ಅಡ್ಡ ನಿಂತಿತು. ನಿಜವಾದ ಕಾರಣವನ್ನು ಮುಚ್ಚಿಟ್ಟವನು ತಪ್ಪಾದ ಪರಿಹಾರವನ್ನು ಬೇಡವೆನ್ನುವ ಬಲವನ್ನೂ ಕಳೆದುಕೊಳ್ಳುತ್ತಾನೆ. ಅರಸನು ಜೀವದಯೆಯ ಹೆಸರಿನಲ್ಲಿ ಒಮ್ಮೆ ನಿರಾಕರಿಸಬಲ್ಲವನಾದನು. ಎರಡನೆಯ ಬೇಡಿಕೆಯಲ್ಲಿ ಮೇಲುನೋಟಕ್ಕೆ ಜೀವವೇ ಇಲ್ಲದ್ದರಿಂದ ಹೊರಗೆ ಹೇಳಬಹುದಾದ ಕಾರಣ ಮುಗಿದುಹೋಯಿತು, ಒಳಗಿನ ಕಾರಣ ಹೊರಗೆ ಬರಲಿಲ್ಲ. ಅಂಗಡಿಯ ನಷ್ಟವನ್ನು ಹೇಳಲಾರದ ಗೃಹಸ್ಥನ ಸ್ಥಿತಿಯೂ ಇದೇ ಅಲ್ಲವೇ?

ಚಂದ್ರಮತಿಯನ್ನು ದುಷ್ಟೆ ಎನ್ನಲಾಗದು. ಆಕೆಯನ್ನು ನಡೆಸಿದ್ದು ಪುತ್ರವಾತ್ಸಲ್ಯ. ಆಕೆಗೆ ಸಿಕ್ಕ ವಿಷಯವೇ ಸುಳ್ಳಾದದ್ದರಿಂದ ಆಕೆಯ ಉಪದೇಶವೂ ದಾರಿ ತಪ್ಪಿತು. ಆದರೆ ಮಗನು ಒಲ್ಲೆನೆಂದಾಗ ಆಕೆ ಏಕೆ ಒಲ್ಲೆ ಎಂದು ಕೇಳಿ ತಿಳಿಯಲಿಲ್ಲ. ಬೇಡಿಕೆಯ ರೂಪವನ್ನು ಮಾತ್ರ ಬದಲಿಸಿದಳು. ಹಟವನ್ನು ಬಿಟ್ಟಂತೆ ತೋರಿ ಹಟವನ್ನೇ ಸಾಧಿಸಿದಳು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಒಳ್ಳೆಯ ಮನಸ್ಸಿನಿಂದಲೇ ಆದರೂ ಮತ್ತೊಬ್ಬರನ್ನು ತಪ್ಪು ಹಾದಿಗೆ ಹಚ್ಚುವ ಮಾತು ವ್ರತಕ್ಕೆ ಮಸಿ ಬಳಿಯುತ್ತದೆ ಎಂಬ ಎಚ್ಚರ ಅದರಲ್ಲಿದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಈ ಹೊಣೆಯನ್ನು ಲೆಕ್ಕವಿಟ್ಟು ಹೇಳುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ಮಾತು, ಕಾಯ ಎಂಬ ಮೂರು. ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ 108. ಕೃತದಷ್ಟೇ ಕಾರಿತಕ್ಕೂ ಅನುಮತಕ್ಕೂ ಈ ಲೆಕ್ಕದಲ್ಲಿ ಸ್ಥಾನವಿದೆ. ಮನವೊಲಿಸುವುದು ಎಂದರೆ ಶಾಸ್ತ್ರದ ಭಾಷೆಯಲ್ಲಿ ಮಾಡಿಸುವುದು. ಒಪ್ಪುವುದು ಎಂದರೆ ಅನುಮೋದಿಸುವುದು. ನಾನು ಹೇಳಿದೆ ಅಷ್ಟೆ, ಮಾಡಿದವನು ಅವನು ಎಂದು ಹೇಳಿದವನು ಪಾರಾಗಲಾರ. ಅವರು ಬಲವಂತ ಮಾಡಿದರು, ನಾನು ಹೂಂ ಎಂದೆ ಎಂದು ಒಪ್ಪಿದವನೂ ಪಾರಾಗಲಾರ. ತಾಯಿ ಮಗ ಇಬ್ಬರೂ ಅರಸಿ ಉಣಬಡಿಸಿದ ವಿಷಕ್ಕೆ ಒಟ್ಟಿಗೆ ಬಲಿಯಾಗಿ, ನವಿಲು ನಾಯಿಗಳಿಂದ ಮೊದಲಾಗಿ ಕೋಳಿಗಳವರೆಗೆ ಜನ್ಮ ಜನ್ಮಗಳಲ್ಲಿ ಒಟ್ಟಿಗೆ ನೋಯುವುದರ ಅರ್ಥ ಇದೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದೇ ಆರನೆಯ ಅಧ್ಯಾಯದಲ್ಲಿ ತಿರ್ಯಂಚ ಆಯುಷ್ಯದ ಬಂಧಕ್ಕೆ ಕಾರಣವೆಂದು ಹೆಸರಿಸಿರುವುದು ಮಾಯೆಯನ್ನು. ಮಾಯೆ ಎಂದರೆ ಒಳಗೊಂದು ಹೊರಗೊಂದು ಎಂಬ ವಕ್ರತೆ. ಸಂಕಲ್ಪಹಿಂಸೆಯೇ ಭವಾವಳಿಯ ಮೂಲವೆಂಬುದು ಕಾವ್ಯದ ಪ್ರಧಾನ ನಿಲುವು, ಅದಕ್ಕೆ ಬಾಧೆಯಿಲ್ಲ. ಆದರೆ ಆ ಜನ್ಮಗಳೆಲ್ಲ ಪ್ರಾಣಿಜನ್ಮಗಳೇ ಆಗಿರುವುದನ್ನು ಈ ಸೂತ್ರದೊಡನೆ ಇಟ್ಟು ನೋಡಿದರೆ ಕಥೆಯ ಮತ್ತೊಂದು ಮುಖ ತೆರೆಯುತ್ತದೆ. ನಿಜವನ್ನು ಕನಸೆಂದು ಹೇಳಿದ ಬಾಯಿ, ಹಿಟ್ಟನ್ನು ಪ್ರಾಣಿಯೆಂದು ಬಗೆದು ಕಡಿದ ಕೈ, ಎರಡೂ ಒಂದೇ ವಕ್ರತೆಯ ಎರಡು ಕೊನೆಗಳು. ಮಾತಿನಲ್ಲಿ ಆರಂಭವಾದ ಮರೆ ಕತ್ತಿಯಲ್ಲಿ ಮುಗಿಯಿತು.

ಅಮೃತಮತಿಯ ವಿಷಯದಲ್ಲಿ ಓದುವ ಪರಂಪರೆ ನಿಷ್ಠುರವಾಗಿದೆ. ಸ್ತ್ರೀಚಂಚಲತೆಯ ಉದಾಹರಣೆಯೆಂದು ಆಕೆಯನ್ನು ಬದಿಗಿಡುವುದುಂಟು, ಕಾವ್ಯದಲ್ಲೂ ಅದಕ್ಕೆ ಎಡೆಯಿದೆ. ಆಕೆಯ ಪಾಪ ಸಣ್ಣದಲ್ಲ, ವಿಷವಿಕ್ಕಿದವಳು ಆಕೆಯೇ. ಆದರೆ ಮನಸ್ಸು ಸೋಲುವ ಬಗೆಯನ್ನು ಜನ್ನನು ಆಕೆಯಲ್ಲಿ ಕಾಣಿಸಿದಷ್ಟು ನಿಚ್ಚಳವಾಗಿ ಮತ್ತಾರಲ್ಲೂ ಕಾಣಿಸಿಲ್ಲ. ಮಾವುತನು ಆಕೆಯನ್ನು ಒಲಿಸಲು ಹಾಡಲಿಲ್ಲ. ಒಲಿಸುವವನಿಲ್ಲದೆಯೇ ಆಕೆ ಒಲಿದಳು. ಅವನ ರೂಪವನ್ನು ಕಂಡು ಬಂದ ಕೆಳದಿ ಹೇಸಿ ವಿವರಿಸಿದಾಗ, ಆಕೆ ಮನಸ್ಸು ಬದಲಿಸುವ ಬದಲು ಒಲವಿಗೆ ರೂಪ ಮುಖ್ಯವಲ್ಲವೆಂದು ವಾದ ಹೂಡುತ್ತಾಳೆ. ಮನಸ್ಸು ಮೊದಲು ತೀರ್ಮಾನ ಮಾಡುತ್ತದೆ, ಬುದ್ಧಿ ಆಮೇಲೆ ಕಾರಣಗಳನ್ನು ಜೋಡಿಸುತ್ತದೆ. ನುಡಿದದ್ದಕ್ಕೆ ಅಂಟಿಕೊಳ್ಳುವ ಸೂತ್ರವೆಂದು ಚಾಲ್ಡಿನಿ ಕರೆದದ್ದಕ್ಕೆ ಇದು ಬಹು ಹತ್ತಿರದ್ದು. ಈ ದೌರ್ಬಲ್ಯ ಸ್ತ್ರೀಯದಲ್ಲ, ರಾಗದ್ದು. ಕಂಡದ್ದನ್ನು ಕಾಣದಂತೆ ನಡೆದ ಯಶೋಧರನಲ್ಲೂ ಅದು ಬೇರೆ ರೂಪದಲ್ಲಿ ಇದೆ.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ಕಥೆಯನ್ನೆತ್ತಿಕೊಂಡಾಗ ಹೆಸರುಗಳನ್ನು ಬಿಟ್ಟು ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರನ್ನಷ್ಟೇ ಉಳಿಸಿಕೊಂಡರು. ಅಲ್ಲಿ ರಾಣಿಯೇ ಜಿನಧರ್ಮದವಳು, ರಾಜಮಾತೆ ಬಲಿಯನ್ನು ನಂಬಿದವಳು, ರಾಜನು ಇಬ್ಬರ ನಡುವೆ ಸಿಕ್ಕಿದವನು. ಒಬ್ಬ ಮನುಷ್ಯನ ಒಪ್ಪಿಗೆಗಾಗಿ ಇಬ್ಬರು ಪ್ರೀತಿಯಿಂದಲೇ ಎಳೆದಾಡುವ ಚಿತ್ರ ಅಲ್ಲಿ ಗಾಢವಾಗಿದೆ. ಆದರೆ ಜನ್ನನಲ್ಲಿರುವ ಒಂದು ಮುಖ್ಯವಾದ ಅಂಗ ಅಲ್ಲಿಲ್ಲ. ಅದು ಕಥೆಯ ಹೊರಕಟ್ಟು, ಮಾರಿದತ್ತನ ಎದುರಿನಲ್ಲಿ ನಿಂತ ಅಭಯರುಚಿಯ ಪ್ರಸಂಗ.

ರಾಜಪುರದ ಅರಸ ಮಾರಿದತ್ತನು ಚಂಡಮಾರಿಗೆ ನರಬಲಿ ಕೊಡಲು ಸಿದ್ಧನಾಗಿದ್ದಾನೆ. ಭಿಕ್ಷೆಗೆಂದು ಹೊರಟಿದ್ದ ಬಾಲಕ ಅಭಯರುಚಿ, ಬಾಲಕಿ ಅಭಯಮತಿ ಇಬ್ಬರನ್ನೂ ತಳಾರನಾದ ಚಂಡಕರ್ಮನು ಹಿಡಿದು ತರುತ್ತಾನೆ. ಅವರು ಯಾಚಿಸುವುದಿಲ್ಲ, ಶಪಿಸುವುದಿಲ್ಲ. ಅರಸನನ್ನು ಹರಸುವಾಗಲೂ ಧರ್ಮದಿಂದ ನೆಲವನ್ನು ಕಾಯಲೆಂದೇ ಹರಸುತ್ತಾರೆ. ಈ ನಿರ್ಭಯವೇನೆಂದು ಅರಸನೇ ಕೇಳಿದ ಮೇಲೆ ಅಭಯರುಚಿ ತನ್ನ ಹಿಂದಿನ ಭವಗಳನ್ನು ಹೇಳತೊಡಗುತ್ತಾನೆ. ಯಶೋಧರನೇ ತಾನು, ಚಂದ್ರಮತಿಯೇ ತನ್ನ ಸೋದರಿ. ಅಂದು ಒಪ್ಪಿಸಿದವಳು, ಅಂದು ಒಪ್ಪಿದವನು ಈಗ ಕತ್ತಿಯ ಕೆಳಗೆ ಜೊತೆಯಾಗಿ ನಿಂತಿದ್ದಾರೆ. ಕಥೆ ಮುಗಿಯುವ ಹೊತ್ತಿಗೆ ಮಾರಿದತ್ತನು ಹಿಂಸೆಯನ್ನು ತೊರೆದು, ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆಯನ್ನು ಪಡೆಯುತ್ತಾನೆ.

ಇದೂ ಮನವೊಲಿಕೆಯೇ. ಒಂದೇ ಕಾವ್ಯದಲ್ಲಿ ಎರಡು ಮನವೊಲಿಕೆಗಳನ್ನು ಎದುರುಬದುರಾಗಿ ನಿಲ್ಲಿಸಿದ್ದು ಜನ್ನನ ಕಥೆಯ ರಚನೆಯಲ್ಲಿರುವ ದೊಡ್ಡ ವಿವೇಕ. ಚಂದ್ರಮತಿ ಕೇಳದೆಯೇ ಉಪದೇಶಿಸಿದಳು, ಅಭಯರುಚಿ ಕೇಳಿದ ಮೇಲೆ ಮಾತನಾಡಿದನು. ಯಶೋಧರನು ಮಾನಕ್ಕಂಜಿ ಮರೆಸಿದ್ದನ್ನು, ಅವನೇ ಅಭಯರುಚಿಯಾಗಿ ಮಾರಿಯ ಗುಡಿಯ ಜನರೆಲ್ಲರ ಎದುರು ಬಿಚ್ಚಿ ಹೇಳಿದನು, ತನ್ನ ತಪ್ಪನ್ನೂ ಸೇರಿಸಿ. ತಾಯಿಗೆ ಒಂದು ಫಲ ಬೇಕಾಗಿತ್ತು, ಬಾಲಕನಿಗೆ ತನ್ನ ಪ್ರಾಣವೂ ಬೇಕೆಂಬ ಆತುರವಿರಲಿಲ್ಲ. ಅರಸನಿಗೆ ಯೋಚಿಸಲು ಬಿಡುವು ದೊರೆಯಿತು. ಕೊನೆಯ ನಿರ್ಧಾರ ಅವನದೇ ಆಯಿತು.

ಒಂದು ಆಕ್ಷೇಪಣೆಗೆ ಎಡೆಯಿದೆ. ಭವಾವಳಿಯ ನೋವುಗಳನ್ನು ಬಣ್ಣಿಸಿ ಅರಸನನ್ನು ಹೆದರಿಸಿದ್ದೂ ಒಂದು ಉಪಾಯವಲ್ಲವೇ? ಚಂದ್ರಮತಿಯೂ ಕನಸಿನ ಭಯವನ್ನೇ ಮುಂದಿಟ್ಟಳಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಧರ್ಮೋಪದೇಶ ಮಾಡುವವರೆಲ್ಲ ತಮ್ಮನ್ನು ಕೇಳಿಕೊಳ್ಳಬೇಕಾದದ್ದು. ಭಯ ಎರಡು ಕಡೆಯೂ ಇದೆ. ಆದರೆ ತಾಯಿಯ ಭಯ ಇಲ್ಲದ ಕನಸಿನ ಮೇಲೆ ನಿಂತಿತ್ತು, ಒಡನೆಯೇ ಏನಾದರೂ ಮಾಡು ಎಂದು ತ್ವರೆ ಮಾಡುತ್ತಿತ್ತು. ಬಾಲಕನ ಮಾತು ತಾನು ಉಂಡ ಫಲದ ಮೇಲೆ ನಿಂತಿತ್ತು, ಎತ್ತಿದ ಕೈಯನ್ನು ನಿಲ್ಲಿಸಿ ನೋಡು ಎನ್ನುತ್ತಿತ್ತು. ಕಾಣದಂತೆ ಮಾಡುವ ಭಯ ಬೇರೆ, ಕಾಣುವಂತೆ ಮಾಡುವ ಭಯ ಬೇರೆ.

ಕಾವ್ಯದಿಂದ ದೊರೆಯುವ ಒರೆಗಲ್ಲು ಇಷ್ಟೇ: ಒಪ್ಪಿಸುವವನು ಕಂಡದ್ದೆಲ್ಲವೂ ಒಪ್ಪುವವನಿಗೆ ಕಾಣುತ್ತಿದೆಯೇ, ಒಪ್ಪುವವನ ಮನಸ್ಸಿನಲ್ಲಿರುವುದು ಒಪ್ಪಿಸುವವನ ಕಿವಿಗೆ ಬಿದ್ದಿದೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಆ ಪ್ರಭಾವ ಉಪಕಾರ. ಒಂದಕ್ಕಾದರೂ ಅಲ್ಲ ಎನ್ನುವಂತಿದ್ದರೆ ದೊರೆತ ಒಪ್ಪಿಗೆ ಹಿಟ್ಟಿನ ಕೋಳಿ. ಹೊರಗೆ ಜೀವವಿಲ್ಲದಂತೆ ಕಾಣುತ್ತದೆ, ಕತ್ತಿ ತಗುಲಿದಾಗ ಕೂಗುತ್ತದೆ.

ಈ ಒರೆಗಲ್ಲನ್ನು ಹಿಡಿದು ನೋಡಬೇಕಾದ ಸಂದರ್ಭಗಳು ದಿನವೂ ಬರುತ್ತವೆ. ಅಭಿಷೇಕದ ಕಲಶಗಳಿಗೆ ಸವಾಲು ಕೂಗುವಾಗ ಒಬ್ಬರ ಹೆಸರನ್ನು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕರೆದು, ಅವರ ಷಡ್ಡಕರು ಇಷ್ಟು ಹೇಳಿದ್ದಾರೆ, ಇವರು ಹಿಂದೆ ಸರಿಯುವರೇ ಎಂದು ಕೆಣಕುವುದು ಭಕ್ತಿಯನ್ನು ಬೆಳೆಸುತ್ತದೆಯೋ ಮಾನಕಷಾಯವನ್ನು ಬೆಳೆಸುತ್ತದೆಯೋ ಎಂದು ಟ್ರಸ್ಟಿನವರು ವಿಚಾರ ಮಾಡಬಹುದು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ, “ಈಗಲೇ ಬೇಡವಾದರೆ ತಾಂಬೂಲ ಮಾತ್ರ ಬದಲಾಯಿಸಿಕೊಳ್ಳೋಣ” ಎನ್ನುವ ಅತ್ತೆ ಮಾವಂದಿರು, ಆ ಚಿಕ್ಕ ಒಪ್ಪಿಗೆ ಮಗಳನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಬಲ್ಲವರೇ. ಬಂಧುತ್ವವನ್ನು ಮುಂದಿಟ್ಟು ಚೀಟಿಗೋ ಪಾಲುದಾರಿಕೆಗೋ ಹಣ ಹೂಡಿಸುವವರು, ತಮಗೆ ಗೊತ್ತಿರುವ ಅಪಾಯವನ್ನು ಹೇಳಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಒತ್ತಾಯವಿಲ್ಲದಿದ್ದರೆ ಬಸದಿಗಳು ಎದ್ದಾವೇ ಎಂದು ವ್ಯವಹಾರ ಬಲ್ಲವರು ಕೇಳುತ್ತಾರೆ. ಅದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಕೇಳದೆ ಕೊಡುವವರು ಕಡಿಮೆ, ಕೇಳುವುದು ತಪ್ಪೂ ಅಲ್ಲ. ಆದರೆ ಕೇಳುವ ಕ್ರಮವನ್ನು ಬದಲಿಸಬಹುದು. ಕಾರ್ಯದ ಒಟ್ಟು ವೆಚ್ಚವನ್ನು ತಿಳಿಸಿ, ಅಂಕಿಯನ್ನು ತಾವು ಹೇಳದೆ, ಮನೆಯವರೊಡನೆ ವಿಚಾರ ಮಾಡಿ ವಾರದ ಮೇಲೆ ತಿಳಿಸಿ ಎಂದು ಎದ್ದು ಬರುವುದರಿಂದ ಪುಸ್ತಕದ ಮೊತ್ತ ಕೊಂಚ ಕಡಿಮೆಯಾದೀತು. ಬಂದದ್ದು ಮಾತ್ರ ದಾನವಾಗಿರುತ್ತದೆ. ತನ್ನ ಮತ್ತು ಪರರ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ನಾಚಿಕೆಯಿಂದ ಬಿಡಿಸಿಕೊಳ್ಳಲು ತೆತ್ತದ್ದು ಅದರಲ್ಲಿ ಸೇರದು.

ಹೊಣೆ ಕೇಳುವವರದಷ್ಟೇ ಅಲ್ಲ. ಯಶೋಧರನ ಮನೆಯಲ್ಲಿ ಎಲ್ಲವೂ ಬೇರೆಯಾಗಬಹುದಾಗಿದ್ದ ಒಂದು ಗಳಿಗೆ ಇತ್ತು. ಏಕೆ ಮಗು, ಮುಖ ಬಾಡಿದೆ ಎಂದು ತಾಯಿ ಕೇಳಿದ ಗಳಿಗೆ ಅದು. ಆ ಹೊತ್ತಿನಲ್ಲಿ ಅವನು ಕಂಡದ್ದನ್ನು ಕಂಡಂತೆ ಹೇಳಿದ್ದರೆ ಬಲಿಯ ಮಾತೇ ಹುಟ್ಟುತ್ತಿರಲಿಲ್ಲ. ಪದ್ಮನಾಭನಗರದ ಗೃಹಸ್ಥನೂ ಆ ಭಾನುವಾರ, “ಸ್ವಾಮಿ, ಈ ವರ್ಷ ವ್ಯಾಪಾರ ಸರಿಯಿಲ್ಲ, ಐದು ನೂರು ಮಾತ್ರ ಆದೀತು” ಎಂದು ಹೇಳಬಹುದಾಗಿತ್ತು. ಬಂದ ಹಿರಿಯರು ಕೆಟ್ಟವರಲ್ಲ. ಕೇಳಿದ್ದರೆ ಅವರಲ್ಲಿ ಒಬ್ಬರಾದರೂ ಪುಸ್ತಕವನ್ನು ಮುಚ್ಚಿ, ಮಗಳ ಕಾಲೇಜಿನ ಹಣಕ್ಕೆ ಏನು ಮಾಡಿದ್ದೀರಿ ಎಂದು ವಿಚಾರಿಸುತ್ತಿದ್ದರು.